ಬುಟ್ಟಿಯಲ್ಲಿದ್ದ ಹನ್ನೊಂದು ಚಿಪ್ಪು

ಆ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ. ಈ ಬರಹದಲ್ಲಿ ಆಣೆ ಮಾಡಿ ಹೇಳಬಲ್ಲ ಸಂಗತಿ ಅದೊಂದೇ. ಉಳಿದದ್ದರಲ್ಲಿ ನಾನು ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ಕಟ್ಟಿಕೊಂಡದ್ದೆಷ್ಟು ಎಂದು ಯಾರಾದರೂ ಪಟ್ಟು ಹಿಡಿದು ಕೇಳಿದರೆ ತಡವರಿಸುತ್ತೇನೆ.

ನೆನಪಿನ ಮೇಲೆ ನನಗಿದ್ದ ನಂಬಿಕೆ ಹೋದದ್ದು ಒಂದು ಆಮೆಯ ದೆಸೆಯಿಂದ. ಬಾಗಲಕೋಟೆ ಕಡೆಯ ನಮ್ಮ ಮನೆಯ ಬಾವಿಯಲ್ಲಿ ಒಂದು ಆಮೆ ಇತ್ತು, ನೀರು ಚೊಕ್ಕಟವಾಗಿರಲಿ ಎಂದು ಅಜ್ಜ ಬಿಟ್ಟದ್ದು, ಅದು ಮೇಲೆ ಬಂದು ಉಸಿರು ತೆಗೆದುಕೊಂಡು ಹೋದರೆ ಆ ದಿನ ನೀರು ಸೇದಬಹುದು ಎಂದು ಲೆಕ್ಕ. ಈ ಕಥೆಯನ್ನು ನಾನು ಧಾರವಾಡದ ಹಾಸ್ಟೆಲಿನಲ್ಲಿ ಹೇಳಿದ್ದೆ. ಹೆಣ್ಣು ನೋಡಲು ಮೈಸೂರಿಗೆ ಹೋದಾಗ ಹೇಳಿದ್ದೆ. ಕೆಲಸದ ಸಂದರ್ಶನದಲ್ಲಿ ಪ್ರಾಣಿಶಾಸ್ತ್ರವನ್ನೇ ಏಕೆ ಓದಿದಿರಿ ಎಂದು ಕೇಳಿದಾಗಲೂ ಹೇಳಿದ್ದೆ. ಆಮೆಯ ಬೆನ್ನ ಮೇಲೆ ಒಂದು ಬಿಳಿ ಗೀರು ಇತ್ತು ಎಂಬುದನ್ನು ಮರೆಯದೆ ಸೇರಿಸುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಊರಿಗೆ ಹೋದಾಗ ಅದೇ ಮನೆಯಲ್ಲಿ ನಮ್ಮನ್ನೆಲ್ಲ ಬೆಳೆಸಿದ ಚಿಗವ್ವನ ಮುಂದೆಯೂ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಆಮಿ ಇದ್ದದ್ದು ಓಣಿ ತುದಿ ಮನಿಯವರ ಬಾವ್ಯಾಗೋ ಹುಚ್ಚಾ. ನಮ್ಮ ಬಾವ್ಯಾಗ ನೀರ ನಿಲ್ತಿದ್ದಿಲ್ಲ, ಆಮಿ ಎಲ್ಲಿ ನಿಂದರಬೇಕು?"

ಬಿಳಿ ಗೀರು ಈಗಲೂ ಕಣ್ಣ ಮುಂದಿದೆ. ಅದು ಯಾವ ಬಾವಿಯ ಯಾವ ಆಮೆಯ ಬೆನ್ನಿನದೋ ನಾನು ಹೇಳಲಾರೆ.

ನಾನು ಇರುವುದು ವಿಶಾಖಪಟ್ಟಣದಲ್ಲಿ, ಸಿಂಹಾಚಲಂ ಬೆಟ್ಟಕ್ಕೆ ಹೋಗುವ ರಸ್ತೆಯ ಒಂದು ಬಾಡಿಗೆ ಮನೆಯಲ್ಲಿ. ಹೆಂಡತಿ ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ವಿಭಾಗದಲ್ಲಿದ್ದಾಳೆ. ನಾನು ನೀರು ಪರೀಕ್ಷಿಸುವ ಒಂದು ಸಣ್ಣ ಖಾಸಗಿ ಲ್ಯಾಬಿನಲ್ಲಿದ್ದೇನೆ. ಮೀನಿನ ಕಿವಿರುಗಳ ಮೇಲೆ ಐದು ವರ್ಷ ಸಂಶೋಧನೆ ಮಾಡಿ, ಪ್ರಬಂಧ ಬರೆಯುವ ಹೊತ್ತಿಗೆ ನನ್ನ ಅಂಕಿಗಳನ್ನು ನಾನೇ ನಂಬದ ಸ್ಥಿತಿಗೆ ಬಂದು ಬಿಟ್ಟುಬಂದವನು. ಆದರೂ ಇಲ್ಲಿಯವರು ನನ್ನನ್ನು ಡಾಕ್ಟರ್ ಗಾರು ಎನ್ನುತ್ತಾರೆ. ಮೊದಲ ವರ್ಷ ತಿದ್ದಿದೆ, ಎರಡನೆಯ ವರ್ಷ ನಕ್ಕು ಸುಮ್ಮನಾದೆ, ಈಗ ಹಾಗೆ ಕರೆದರೆ ತಿರುಗಿ ನೋಡುತ್ತೇನೆ.

ನಮ್ಮ ಲ್ಯಾಬಿಗೆ ವಿಜಯವಾಡದ ಆಚೆ, ಇಬ್ರಾಹಿಂಪಟ್ನಂ ಹತ್ತಿರದ ಒಂದು ಗೇಟೆಡ್ ಕಾಲೊನಿಯ ಕೆಲಸ ಸಿಕ್ಕಿತ್ತು. ಹೆಸರು ಬೇಡ. ಐನೂರಕ್ಕೂ ಹೆಚ್ಚು ಮನೆಗಳು. ಅವರದೇ ನೀರು ಶುದ್ಧೀಕರಣ ಘಟಕ. ಕೃಷ್ಣೆಯ ನೀರು ಕಾಲುವೆಯಿಂದ ಒಳಗೆ ಬಂದು, ತಿಳಿಗೊಳ್ಳುವ ತೊಟ್ಟಿಯಲ್ಲಿ ನಿಂತು, ಮರಳಿನ ಮೂಲಕ ಇಳಿದು, ಕ್ಲೋರಿನ್ ಹಾಕಿಸಿಕೊಂಡು ಮೇಲಿನ ಟ್ಯಾಂಕಿಗೆ ಏರುತ್ತದೆ. ಈ ಪ್ರಯಾಣಕ್ಕೆ ಸುಮಾರು ಎರಡು ಗಂಟೆ. ಈ ಎರಡು ಗಂಟೆಯನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನನ್ನ ನೆನಪಿಗಿಂತ ಅದು ಗಟ್ಟಿ.

ಅಲ್ಲಿ ಮೀಟರುಗಳಿದ್ದವು. ಆಮ್ಲ ಎಷ್ಟು, ಕದಡು ಎಷ್ಟು, ಕ್ಲೋರಿನ್ ಎಷ್ಟು ಎಂದು ತೋರಿಸುತ್ತಿದ್ದವು. ಆದರೆ ಮೀಟರು ನಾವು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಕಾಲುವೆಯ ಮೇಲ್ಭಾಗದಲ್ಲಿ ಯಾರೋ ಔಷಧಿ ಹೊಡೆಯುವ ಡ್ರಮ್ಮನ್ನು ನೀರಿನಲ್ಲಿ ತೊಳೆದರೆ ಅದು ಯಾವ ಮೀಟರಿನ ಪ್ರಶ್ನೆಪತ್ರಿಕೆಯಲ್ಲೂ ಇಲ್ಲ. ಮೀನಿಗೆ ಪ್ರಶ್ನೆ ಕೇಳಬೇಕಾಗಿಲ್ಲ. ಅದಕ್ಕೇ ನಾನು ಒಂದು ಗಾಜಿನ ತೊಟ್ಟಿ ಇಡಿಸಿ, ಅದರಲ್ಲಿ ಎಂಟು ರೋಹು ಮರಿಗಳನ್ನು ಬಿಟ್ಟು, ಮನೆಗಳಿಗೆ ಹೋಗುವ ನೀರಿನ ಒಂದು ಎಳೆ ಸದಾ ಅದರೊಳಗೆ ಹರಿಯುವಂತೆ ಮಾಡಿದ್ದೆ. ಮೀನು ಅಡ್ಡ ಬಿದ್ದರೆ ವಾಲ್ವ್ ಮುಚ್ಚಬೇಕು. ಮೊದಲು ಮುಚ್ಚಿ ಆಮೇಲೆ ಕಾರಣ ಹುಡುಕಬೇಕು. ನಿಯಮ ಅಷ್ಟೇ.

ಒಂದು ತೊಡಕಿತ್ತು. ಮನುಷ್ಯರಿಗೆ ಒಗ್ಗುವ ಕ್ಲೋರಿನ್ ಮೀನಿಗೆ ವಿಷ. ತೊಟ್ಟಿಗೆ ಬರುವ ನೀರಿನಿಂದ ಅದನ್ನಷ್ಟೇ ತೆಗೆಯಬೇಕು, ಬೇರೇನನ್ನೂ ತೆಗೆಯಬಾರದು. ಅಕ್ವೇರಿಯಂ ಅಂಗಡಿಯವರು ಹೈಪೋ ಎಂದು ಮಾರುವ ಬಿಳಿ ಹರಳಿಗೆ ಆ ಗುಣವಿದೆ. ಹರಳನ್ನು ನೀರಿನಲ್ಲಿ ಕರಗಿಸಿ, ಆಸ್ಪತ್ರೆಯಿಂದ ಹೆಂಡತಿ ತಂದುಕೊಟ್ಟ ಸಲೈನ್ ಬಾಟಲಿಯಲ್ಲಿ ತುಂಬಿ, ತೊಟ್ಟಿಯ ಮೇಲೆ ಕೊಕ್ಕೆಗೆ ನೇತುಹಾಕಿದ್ದೆ. ರೋಗಿಯ ನರಕ್ಕೆ ಇಳಿದಂತೆ ಹನಿಹನಿಯಾಗಿ ಇಳಿಯುತ್ತಿತ್ತು. ದಿನಾ ಸಂಜೆ ಬಾಟಲಿ ತುಂಬಬೇಕು. ಖಾಲಿಯಾದರೆ ಬೆಳಗಾಗುವಷ್ಟರಲ್ಲಿ ಮೀನು ಕ್ಲೋರಿನ್ನಿನಿಂದಲೇ ಸಾಯುತ್ತದೆ, ಆಗ ಅದು ಕೊಡುವುದು ಸುಳ್ಳು ಎಚ್ಚರಿಕೆ.

ಬಾಟಲಿ ತುಂಬುವುದು, ಮೀನು ನೋಡುವುದು, ವಾಲ್ವ್ ತಿರುಗಿಸುವುದು, ಮೂರೂ ಒಬ್ಬ ಹೆಂಗಸಿನ ಕೆಲಸವಾಗಿತ್ತು. ಹಗಲು ಪಾಳಿಯ ಆಪರೇಟರ್. ಐವತ್ತರ ಆಸುಪಾಸಿನ, ಗಟ್ಟಿ ಮೈಕಟ್ಟಿನ ಹೆಂಗಸು. ಅದೇ ಕಾಲೊನಿಗೆ ಕಸ ಗುಡಿಸಲು ಬಂದವರು, ಪಂಪಿನ ಮನೆಯಲ್ಲಿ ನಿಂತು ನಿಂತು ಕೆಲಸ ಕಲಿತು, ಹನ್ನೊಂದು ವರ್ಷಕ್ಕೆ ವಾಲ್ವಿನ ಕೀಲಿ ಸಂಪಾದಿಸಿಕೊಂಡಿದ್ದರು. ಆ ಕೀಲಿ ಸೊಂಟದಲ್ಲೇ ಇರುತ್ತಿತ್ತು. ನಾನು ಮೊದಲ ಸಲ ಹೋದಾಗ ನನ್ನ ಹರಕು ತೆಲುಗನ್ನು ಎರಡು ನಿಮಿಷ ಸಹಿಸಿಕೊಂಡು, ಆಮೇಲೆ ಕನ್ನಡದಲ್ಲಿ ಕೇಳಿದರು: "ಯಾವ ಊರ್ರಿ ಸರ ನಿಮ್ದು?" ರಾಯಚೂರು ಕಡೆಯ ಹೊಳೆದಂಡೆಯ ಊರು ಅವರದು, ದೋಣಿ ನಡೆಸುವವರ ಮಗಳು. ಮದುವೆಯಾಗಿ ಇಲ್ಲಿಗೆ ಬಂದು ಮೂವತ್ತು ವರ್ಷ. ಇಬ್ಬರೂ ಕೃಷ್ಣೆಯ ನೀರು ಕುಡಿದವರು ಎಂದು ಗೊತ್ತಾದ ಮೇಲೆ ಜನರ ಎದುರು ಅವರಿಗೆ ನಾನು ಸರ, ಇಬ್ಬರೇ ಇದ್ದಾಗ ತಮ್ಮ. ನಾನು ಮಾತ್ರ ಎಲ್ಲರ ಎದುರೂ ಅಕ್ಕಾ ಎಂದೇ ಕರೆದೆ.

ಅಕ್ಕನಿಗೆ ನನ್ನ ಮೀನುಗಳ ಬಗ್ಗೆ ದೊಡ್ಡ ಗೌರವವೇನೂ ಇರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ ಮೀನು ಅಂಗಡಿ ಮೀನು, ಅದಕ್ಕೇನು ಹೊಳೆ ಗೊತ್ತು ಎಂಬುದು ಅವರ ವಾದ. ಒಂದು ದಿನ ನೋಡಿದರೆ ಕ್ಲೋರಿನ್ ಹಾಕುವುದಕ್ಕೂ ಮೊದಲು, ಕಾಲುವೆಯ ನೀರು ಒಳಗೆ ಬರುವ ಚಾನೆಲಿನಲ್ಲಿ, ಪ್ಲಾಸ್ಟಿಕ್ಕಿನ ತರಕಾರಿ ಬುಟ್ಟಿಯೊಂದು ಹಗ್ಗದಲ್ಲಿ ತೇಲುತ್ತಿತ್ತು. ಒಳಗೆ ಹನ್ನೊಂದು ಹೊಳೆಚಿಪ್ಪು. ಸಿಹಿನೀರಿನ ಚಿಪ್ಪುಜೀವಿಗಳು, ಅಂಗೈ ಅಗಲದವು. ಇಲ್ಲಿಯವರು ಆಲ್ಚಿಪ್ಪ ಎನ್ನುತ್ತಾರೆ. ನೀರು ಹಿಡಿಸಿದರೆ ಒಂದು ಗೆರೆಯಷ್ಟು ಬಾಯಿ ತೆರೆದು ನೀರನ್ನು ಸೋಸಿಕೊಂಡು ಕೂರುತ್ತವೆ, ಹಿಡಿಸದಿದ್ದರೆ ಬಾಯಿ ಬಿಗಿಯುತ್ತವೆ. ಅಕ್ಕನ ಅಪ್ಪ ದೋಣಿಯಲ್ಲಿ ಕುಡಿಯುವ ನೀರು ತುಂಬಿಕೊಳ್ಳುವ ಮುನ್ನ ಬಗ್ಗಿ ಚಿಪ್ಪು ನೋಡುತ್ತಿದ್ದರಂತೆ.

ನಾನು ವಿಶ್ವವಿದ್ಯಾಲಯದಲ್ಲಿ ಕಲಿತವನು. ಕೂಡಲೇ ಆಕ್ಷೇಪಣೆಗಳು ಬಾಯಿಗೆ ಬಂದವು. ಲಾರಿ ಹೋದರೆ ಚಿಪ್ಪು ಮುಚ್ಚುತ್ತದೆ, ಪಂಪ್ ಅದುರಿದರೆ ಮುಚ್ಚುತ್ತದೆ, ನಮ್ಮ ನೆರಳು ಬಿದ್ದರೂ ಮುಚ್ಚುತ್ತದೆ. ಮುಚ್ಚಿದ್ದಕ್ಕೆ ನೂರು ಕಾರಣ, ಅದರಲ್ಲಿ ವಿಷ ಒಂದು. ಬುಟ್ಟಿ ತೆಗೆದುಹಾಕಿ ಎಂದೆ. ಅಕ್ಕ ತಲೆಯಾಡಿಸಿದರು. ಮುಂದಿನ ತಿಂಗಳೂ ಬುಟ್ಟಿ ಅಲ್ಲೇ ಇತ್ತು. ನಾನು ಎರಡನೆಯ ಸಲ ಹೇಳಲಿಲ್ಲ. ಇದು ನನಗಿದ್ದ ನೆನಪು.

ಈಗ ಭೋಗಿಯ ಹಿಂದಿನ ದಿನ. ನಾನು ತಿಂಗಳ ಭೇಟಿಗೆ ಕಾಲೊನಿಗೆ ಹೋಗಿದ್ದೆ. ಸಂಜೆ ಆರರ ಹೊತ್ತಿಗೆ ಹೊರಟು ವಿಜಯವಾಡದ ಒನ್ ಟೌನಿನ ಒಂದು ಲಾಡ್ಜಿಗೆ ಬಂದೆ. ಕೆಳಗೆ ಒಣಮೆಣಸಿನಕಾಯಿಯ ಸಗಟು ಅಂಗಡಿ ಇದ್ದುದರಿಂದ ಸೀನುತ್ತಲೇ ಮಲಗಿದೆ. ಬೆಳಿಗ್ಗೆ ವಿಶಾಖಪಟ್ಟಣದ ರೈಲು ಹಿಡಿದೆ. ಬೀದಿಬೀದಿಯಲ್ಲಿ ಭೋಗಿಯ ಬೆಂಕಿ ಆರಿ ಬೂದಿಯಾಗಿತ್ತು. ಫೋನು ಅರಿಸಿನ ಕುಂಕುಮ, ಗಾಳಿಪಟ, ಕಬ್ಬಿನ ಜಲ್ಲೆಗಳ ಶುಭಾಶಯ ಚಿತ್ರಗಳಿಂದ ತುಂಬಿಹೋಗಿತ್ತು. ಯಾವುದನ್ನೂ ತೆರೆದು ನೋಡಲಿಲ್ಲ.

ನಿಡದವೋಲು ದಾಟಿದ ಮೇಲೆ ಅಕ್ಕನ ಫೋನು ಬಂತು. ಆಗ ಎಂಟು ಗಂಟೆ ದಾಟಿತ್ತು. ಮೀನು ಅಡ್ಡ ಬೀಳುತ್ತಿವೆ ಎಂದರು. ಹೇಗೆ ಬೀಳುತ್ತಿವೆ ಎಂದು ಕೇಳಿದೆ. ಗಿರಗಿರ ಸುತ್ತಿ ಬಿಲ್ಲಿನಂತೆ ಬಾಗಿ ಬೀಳುತ್ತಿವೆ ಎಂದರು. ನಾನು, ವಾಲ್ವ್ ಮುಚ್ಚಿ, ಈಗಲೇ ಮುಚ್ಚಿ ಎಂದೆ.

ಹಾಗೆಂದು ಹೆಂಡತಿಗೆ ಹೇಳಿದೆ. ಲ್ಯಾಬಿನಲ್ಲಿ ಹೇಳಿದೆ. ಈ ಬರಹದ ಮೊದಲ ಕರಡಿನಲ್ಲೂ ಹಾಗೇ ಬರೆದಿದ್ದೆ.

ವಾಲ್ವ್ ಮುಚ್ಚಿತು, ಐನೂರು ಮನೆಗಳ ನೀರು ನಿಂತಿತು. ಭೋಗಿಯ ಬೆಳಿಗ್ಗೆ ಎಣ್ಣೆ ಹಚ್ಚಿ ತಲೆಸ್ನಾನ ಮಾಡುವ ಹೊತ್ತು. ತಲೆಗೆ ಸೀಗೆಪುಡಿ ಹಚ್ಚಿಕೊಂಡವರು ಹಾಗೇ ಹೊರಗೆ ಬಂದು ನಿಂತರಂತೆ. ಪಂಪಿನ ಮನೆಯ ಮುಂದೆ ಜನ ಸೇರಿದರು. ಕೀಲಿ ಕೊಡು ಎಂದು ಕಾಲೊನಿಯ ಮ್ಯಾನೇಜರ್ ಕೇಳಿದರೂ ಅಕ್ಕ ಕೊಡಲಿಲ್ಲ. ತಿಳಿ ತೊಟ್ಟಿ, ಮರಳ ತೊಟ್ಟಿ, ಮೇಲಿನ ಟ್ಯಾಂಕು ಎಲ್ಲವನ್ನೂ ಖಾಲಿ ಮಾಡಿಸಿ, ಹೊಸ ನೀರು ತುಂಬಿಸಿ, ಮಧ್ಯಾಹ್ನ ಎರಡಕ್ಕೆ ವಾಲ್ವ್ ತೆರೆದರು. ಮಧ್ಯಾಹ್ನ ಮ್ಯಾನೇಜರ್ ಹಿಡಿಸಿದ ಮಾದರಿಯಲ್ಲಿ ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಆ ನೀರು ಆಗಲೇ ಚರಂಡಿ ಸೇರಿತ್ತು. ಕಾಲೊನಿಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಅಕ್ಕನಿಗೆ ಮುಳುವಾದದ್ದು ಇದೇ, ಯಾರಿಗೂ ಏನೂ ಆಗದೇ ಇದ್ದದ್ದು.

ನಾನು ರಾಜಮಹೇಂದ್ರವರದಲ್ಲಿ ಇಳಿದು ಹಿಂದಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಮನೆಗೆ ಬಂದು ಸಜ್ಜೆ ರೊಟ್ಟಿ, ಎಣಗಾಯಿ ಪಲ್ಯ ತಿಂದೆ.

ಮರುದಿನ ಮ್ಯಾನೇಜರ್ ಫೋನ್ ಮಾಡಿದರು. ಬಹಳ ಮರ್ಯಾದಸ್ಥರು, ಬೈಯುವಾಗಲೂ ಗಾರು ಬಿಡುವುದಿಲ್ಲ. ಅವರ ಮಾತಿನ ಸಾರ ಇಷ್ಟು: ನೀರು ಚೆನ್ನಾಗಿತ್ತು. ಆ ಹೆಂಗಸು ಹಿಂದಿನ ಸಂಜೆ ಹೈಪೋ ಬಾಟಲಿ ತುಂಬಿಲ್ಲ. ಮೀನು ಕ್ಲೋರಿನ್ನಿಗೆ ಸತ್ತಿವೆ. ಸಂಕ್ರಾಂತಿಯ ಮರುದಿನದ ಕನುಮ ಹಬ್ಬ ಮುಗಿದ ಮೇಲೆ ಸಭೆ ಇದೆ, ಡಾಕ್ಟರ್ ಗಾರು ಬಂದು ಅಷ್ಟನ್ನು ದೃಢಪಡಿಸಿ ಒಂದು ಸಹಿ ಹಾಕಿದರೆ ಸಾಕು. ಆಕೆಯನ್ನು ಕೆಲಸದಿಂದ ತೆಗೆಯುವುದಿಲ್ಲ, ಮತ್ತೆ ಪೊರಕೆಗೆ ಕಳಿಸುತ್ತೇವೆ. ಅದನ್ನವರು ದಯೆ ಎಂಬಂತೆ ಹೇಳಿದರು.

ನಾನು ಅಕ್ಕನ ಪರವಾಗಿ ಸಾಕ್ಷಿ ಹೇಳಲು ತಯಾರಾಗಿದ್ದೆ. ಹಿಂದಿನ ಸಂಜೆ ಅಲ್ಲಿಂದ ಹೊರಡುವಾಗ ಬಾಟಲಿ ತುಂಬಿದ್ದನ್ನು ನಾನೇ ನೋಡಿದ್ದೆನಲ್ಲ. ಕಣ್ಣು ಮುಚ್ಚಿದರೆ ಕಾಣುತ್ತಿತ್ತು: ಕಿಟಕಿಯ ಪಕ್ಕದ ಕೊಕ್ಕೆ, ಸಂಜೆಯ ಬಿಸಿಲು ಬಾಟಲಿಯೊಳಗೆ ಹಾದು ಹೊಳೆಯುತ್ತಿರುವುದು. ಹೆಂಡತಿಗೆ ಇದನ್ನು ವಿವರಿಸುತ್ತಿದ್ದಾಗ ನಾಲಿಗೆ ತಡೆಯಿತು. ಕಿಟಕಿಯ ಪಕ್ಕದ ಕೊಕ್ಕೆಯನ್ನು ದಸರೆಯ ಹೊತ್ತಿಗೇ ತೆಗೆಸಿದ್ದೆ, ಬಿಸಿಲು ಬೀಳದಿರಲಿ ಎಂದು. ಈಗ ಬಾಟಲಿ ನೇತಾಡುವುದು ಎದುರು ಗೋಡೆಗೆ. ನಾನು ಕಂಡ ತುಂಬಿದ ಬಾಟಲಿ ಯಾವುದೋ ಹಳೆಯ ಸಂಜೆಯದು. ಮತ್ತೆ ಆಮೆ. ಮತ್ತೆ ಬಿಳಿ ಗೀರು.

ರಿಜಿಸ್ಟರ್ ಇತ್ತಲ್ಲ ಎಂದು ಹೆಂಡತಿ ಕೇಳಿದಳು. ಇತ್ತು, ಆದರೆ ಅದರಿಂದ ಉಪಯೋಗವಿರಲಿಲ್ಲ. ಎಲ್ಲ ಪಂಪಿನ ಮನೆಗಳಲ್ಲಿ ನಡೆಯುವಂತೆ ಅಲ್ಲಿಯೂ ವಾರದ ಟಿಕ್ಕುಗಳನ್ನು ಸೋಮವಾರವೇ ಹಾಕಿಬಿಡುತ್ತಿದ್ದರು. ಭೋಗಿಯ ಸಂಜೆ ಬಾಟಲಿ ತುಂಬಿದೆ ಎಂದು ಭೋಗಿಯ ಬೆಳಿಗ್ಗೆಯೇ ಟಿಕ್ ಇತ್ತು. ಇದನ್ನು ನಾನು ಹಲವು ಸಲ ನೋಡಿ ಸುಮ್ಮನಿದ್ದವನು.

ಕನುಮದ ಸಂಜೆ ಹೆಂಡತಿ ನನ್ನ ಫೋನು ತೆಗೆದುಕೊಂಡು ಕೂತಿದ್ದಳು. ಜಾಗ ತುಂಬಿ ಅದು ಸ್ತಬ್ಧವಾಗಿತ್ತು, ಶುಭಾಶಯಗಳನ್ನು ಅಳಿಸುತ್ತಿದ್ದಳು. ಗಾಳಿಪಟ ಹೋಯಿತು, ಕಬ್ಬು ಹೋಯಿತು. ಆಮೇಲೆ ನಕ್ಕಳು.

"ರೀ, ಇದ್ಯಾವ ಊರಿನ ಭೋಗಿ ಶುಭಾಶಯ? ತರಕಾರಿ ಬುಟ್ಟಿ ತುಂಬ ಚಿಪ್ಪು ಕಳಿಸಿದಾರೆ. ಮುತ್ತು ಸಿಗತ್ತೇನೋ ನೋಡಿ."

ಬೆರಳು ಅಳಿಸುವ ಗುರುತಿನ ಮೇಲೇ ಇತ್ತು. ಫೋನು ಕಸಿದುಕೊಂಡೆ. ಚಿತ್ರದಲ್ಲಿ ಅಕ್ಕನ ಬುಟ್ಟಿ. ಹನ್ನೊಂದು ಚಿಪ್ಪು ಹಲ್ಲು ಕಚ್ಚಿದ ಹಾಗೆ ಬಿಗಿದುಕೊಂಡಿದ್ದವು. ಕಳಿಸಿದ ಸಮಯ ಭೋಗಿಯ ಬೆಳಿಗ್ಗೆ ಆರು ಗಂಟೆ ಐದು ನಿಮಿಷ. ಅಕ್ಕ ಪಾಳಿಗೆ ಬಂದ ತಕ್ಷಣ ತೆಗೆದದ್ದು. ಮೀನು ಬಿದ್ದದ್ದು ಎಂಟು ದಾಟಿದ ಮೇಲೆ.

ಕಾಲುವೆಯ ನೀರು ಮೀನಿನ ತೊಟ್ಟಿಗೆ ಬರಲು ಎರಡು ಗಂಟೆ. ಮತ್ತು ಬುಟ್ಟಿ ಇದ್ದ ಜಾಗದಲ್ಲಿ ಕ್ಲೋರಿನ್ನಿನ ಹೆಸರೇ ಇಲ್ಲ.

ನನಗೆ ಸಿಟ್ಟು ಬಂದಿತ್ತು, ಮೊದಲು ಮ್ಯಾನೇಜರ್ ಮೇಲೆ, ಆಮೇಲೆ ನನ್ನ ಮೇಲೆ. ಅಕ್ಕ ಎರಡು ಗಂಟೆ ಮೊದಲೇ ಹೇಳಿದ್ದರು. ನಾನು ಅದನ್ನು ಹಬ್ಬದ ಕಸ ಎಂದುಕೊಂಡಿದ್ದೆ.

ಸಭೆ ಕಾಲೊನಿಯ ಕ್ಲಬ್ಬಿನಲ್ಲಿ. ಮ್ಯಾನೇಜರ್ ಇದ್ದರು. ನಿವಾಸಿಗಳ ಸಂಘದ ಅಧ್ಯಕ್ಷೆಯಾದ ನಿವೃತ್ತ ಶಾಲಾ ಶಿಕ್ಷಕಿ ಇದ್ದರು. ಭೋಗಿಯ ದಿನ ಸೀಗೆಪುಡಿಯ ತಲೆಯಲ್ಲಿ ಹೊರಗೆ ಬಂದವರಲ್ಲಿ ಇವರೂ ಒಬ್ಬರು ಎಂದು ಗೇಟಿನಲ್ಲೇ ತಿಳಿದಿತ್ತು. ಅಕ್ಕನಿಗೆ ಕುರ್ಚಿ ಹಾಕಿರಲಿಲ್ಲ, ನಿಂತೇ ಇದ್ದರು. ಟೈಪು ಮಾಡಿದ ಕಾಗದವನ್ನು ಮ್ಯಾನೇಜರ್ ನನ್ನ ಮುಂದೆ ತಳ್ಳಿ, ಪೆನ್ನಿನ ಮುಚ್ಚಳವನ್ನೂ ತಾವೇ ತೆಗೆದುಕೊಟ್ಟರು. ಮೀನುಗಳ ಸಾವಿಗೆ ಬಾಟಲಿ ಖಾಲಿಯಾಗಿದ್ದೇ ಕಾರಣ, ನೀರಿನಲ್ಲಿ ದೋಷವಿರಲಿಲ್ಲ. ಎರಡೇ ಸಾಲು.

ಇದಕ್ಕೆ ಸಹಿ ಹಾಕುವುದಿಲ್ಲ ಎಂದೆ. ವಾಲ್ವ್ ಮುಚ್ಚಲು ಹೇಳಿದ್ದು ನಾನು, ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ ಎಂದೂ ಹೇಳಿದೆ. ಹೇಳುವಾಗ ಎದೆ ಸ್ವಲ್ಪ ಉಬ್ಬಿತ್ತು.

ಅಕ್ಕ ನನ್ನ ಕಡೆ ತಿರುಗಿದರು. ಎಲ್ಲರ ಎದುರು ಕನ್ನಡದಲ್ಲೇ ಹೇಳಿದರು.

"ನೀವು ಹೇಳಿಲ್ರಿ ಸರ. ತಡೀರಿ, ಮೀಟರ್ ಏನ್ ತೋರಸ್ತಾವು ನೋಡಿ ಹೇಳ್ರಿ ಅಂದ್ರಿ. ನಾ ಆಗಲೇ ಮುಚ್ಚಿದ್ದೆ. ಮುಚ್ಚೇ ಫೋನ್ ಹಚ್ಚಿದ್ದೆ."

ಆಮೇಲೆ ಅದನ್ನೇ ತೆಲುಗಿನಲ್ಲಿ ಹೇಳಿದರು. ಅಕ್ಕ ಹೇಳಿದ ಕ್ಷಣದಲ್ಲಿ ನನ್ನದೇ ದನಿ ನನಗೆ ಕೇಳಿಸಿತು: ತಡೀರಿ, ಮೀಟರ್ ನೋಡ್ರಿ. ನಿಯಮ ಬರೆದವನು ನಾನು. ಪಾಲಿಸಿದವರು ಅವರು. ಈಗ ಕೇಳಿಸಿದ ಆ ದನಿಯೂ ಅಕ್ಕ ಹೇಳಿದ್ದರಿಂದಲೇ ಹುಟ್ಟಿದ್ದೇನೋ ಎಂಬ ಅನುಮಾನವೂ ಜೊತೆಗೇ ಬಂತು. ಆದರೆ ತಪ್ಪಿಸಿಕೊಳ್ಳಲು ಆ ಅನುಮಾನವನ್ನು ಬಳಸಿಕೊಳ್ಳಬಾರದು ಎನ್ನಿಸಿತು. ಆಕೆ ಹೇಳಿದ್ದು ನಿಜ ಎಂದೆ.

ಅಧ್ಯಕ್ಷೆ ಮೊದಲ ಬಾರಿಗೆ ಅಕ್ಕನ ಕಡೆ ನೋಡಿ, ಯಾರೂ ಹೇಳದೆ ಏಕೆ ಮುಚ್ಚಿದೆ ಎಂದು ಕೇಳಿದರು. ಬೆಳಿಗ್ಗೆ ಆರಕ್ಕೇ ಚಿಪ್ಪು ಮುಚ್ಚಿದ್ದವು, ಆಗಿನಿಂದ ಬುಟ್ಟಿಗೂ ಮೀನಿಗೂ ಓಡಾಡುತ್ತಾ ಕಾದಿದ್ದೆ ಎಂದರು ಅಕ್ಕ. ನಾನು ಫೋನು ತೆಗೆದು ಚಿತ್ರವನ್ನೂ ಸಮಯವನ್ನೂ ತೋರಿಸಿದೆ. ಎರಡು ಗಂಟೆಯ ಲೆಕ್ಕ ಹೇಳಿದೆ.

ಮ್ಯಾನೇಜರ್ ನಿಧಾನವಾಗಿ ತಮ್ಮ ಫೈಲಿನಿಂದ ಒಂದು ಕಾಗದ ತೆಗೆದರು. ನಾನೇ ಕಳಿಸಿದ ಇಮೇಲ್. ಚಾನೆಲಿನಲ್ಲಿರುವ ಬುಟ್ಟಿಯನ್ನು ತೆಗೆಸಬೇಕು, ಚಿಪ್ಪು ಮುಚ್ಚುವುದಕ್ಕೆ ಲಾರಿ, ಪಂಪು, ನೆರಳು ಯಾವುದೂ ಕಾರಣವಾಗಬಹುದು, ಅದಕ್ಕೆ ವೈಜ್ಞಾನಿಕ ಬೆಲೆ ಇಲ್ಲ. ಇಂಥದೊಂದು ಪತ್ರ ಬರೆದದ್ದು ನನಗೆ ಸ್ವಲ್ಪವೂ ನೆನಪಿರಲಿಲ್ಲ. ಆದರೆ ಭಾಷೆ ನನ್ನದೇ. ಯಾರನ್ನೂ ನಂಬದವನ ಭಾಷೆ.

ಡಾಕ್ಟರ್ ಗಾರು ಈಗ ಯಾವುದನ್ನು ನಂಬಬೇಕು ನೀವೇ ಹೇಳಿ ಎಂದರು ಮ್ಯಾನೇಜರ್.

ನನ್ನ ಉತ್ತರಕ್ಕೆ ಅಕ್ಕ ಕಾಯಲಿಲ್ಲ. ಈ ಸಲ ತೆಲುಗಿನಲ್ಲೇ, ಅಧ್ಯಕ್ಷೆಗೆ ನೇರವಾಗಿ ಹೇಳಿದರು. ಸರ್ ಬರೆದದ್ದು ಸರಿ. ಲಾರಿ ಬಂದರೆ ನಾಲ್ಕು ಮುಚ್ಚುತ್ತವೆ, ಪಂಪು ಹಾಕಿದರೆ ಐದು ಮುಚ್ಚುತ್ತವೆ, ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ತೆರೆಯುತ್ತವೆ. ಏಳು ತಿಂಗಳಿಂದ ದಿನಾ ನೋಡಿದ್ದೇನೆ. ಹನ್ನೊಂದೂ ಒಟ್ಟಿಗೆ ಮುಚ್ಚಿ, ಎರಡು ಗಂಟೆಯಾದರೂ ತೆರೆಯದೇ ಇದ್ದದ್ದು ಅವತ್ತೊಂದೇ ದಿನ.

ಏಳು ತಿಂಗಳು. ನಾನು ಐದು ವರ್ಷ ಕಿವಿರು ನೋಡಿ ನನ್ನ ಅಂಕಿಯನ್ನು ನಂಬದೆ ಓಡಿಬಂದವನು. ಈ ಹೆಂಗಸು ಏಳು ತಿಂಗಳು ಒಂದು ತರಕಾರಿ ಬುಟ್ಟಿ ನೋಡಿ, ಐನೂರು ಮನೆಗಳ ಎದುರು ಕೀಲಿಯನ್ನು ಸೊಂಟದಲ್ಲಿ ಹಿಡಿದು ನಿಂತಿದ್ದರು.

ನಾನು ಟೈಪು ಮಾಡಿದ ಕಾಗದವನ್ನು ಮಗುಚಿ ಹಿಂಬದಿಯಲ್ಲಿ ಬರೆದೆ. ಬಾಟಲಿ ತುಂಬಿತ್ತೋ ಇಲ್ಲವೋ ನನಗೆ ನೆನಪಿಲ್ಲ. ರಿಜಿಸ್ಟರಿನ ಟಿಕ್ಕನ್ನು ನಂಬಲಾಗದು, ಅದು ಗೊತ್ತಿದ್ದೂ ನಾನು ಸುಮ್ಮನಿದ್ದೆ. ಬುಟ್ಟಿ ತೆಗೆಯಿರಿ ಎಂದು ಬರೆದದ್ದು ನನ್ನ ತಪ್ಪು. ಕ್ಲೋರಿನ್ ಮುಟ್ಟದ ನೀರಿನಲ್ಲಿ ಚಿಪ್ಪುಗಳು ಮುಚ್ಚಿದ ಎರಡು ಗಂಟೆಗೆ ಮೀನು ಬಿದ್ದಿವೆ, ಆದ್ದರಿಂದ ಬಾಟಲಿ ಖಾಲಿಯಾಗಿತ್ತು ಎಂಬ ಕಾರಣ ಸಾಲುವುದಿಲ್ಲ. ನೀರಿನಲ್ಲಿ ಏನಿತ್ತು ಎಂದು ಇನ್ನು ಯಾರೂ ಹೇಳಲಾರರು. ವಾಲ್ವ್ ಮುಚ್ಚಿದ್ದು ಸರಿ. ಮುಚ್ಚಿ ಎಂದು ನಾನು ಹೇಳಬೇಕಿತ್ತು, ಹೇಳಲಿಲ್ಲ.

ಅದರ ಕೆಳಗೆ ಸಹಿ ಹಾಕಿದೆ. ಪೆನ್ನನ್ನು ಮ್ಯಾನೇಜರ್‌ಗೆ ವಾಪಸು ಕೊಟ್ಟು, ಕಾಗದವನ್ನು ಅಧ್ಯಕ್ಷೆಯ ಕೈಗೆ ಕೊಟ್ಟೆ. ಇದರ ಪ್ರತಿ ನನ್ನ ಹತ್ತಿರ ಇರುತ್ತದೆ, ಆಕೆಯನ್ನು ಪೊರಕೆಗೆ ಕಳಿಸಿದರೆ ಪ್ರತಿ ಮನೆಯ ಬಾಗಿಲಿಗೂ ಒಂದೊಂದು ಹೋಗುತ್ತದೆ ಎಂದೆ. ಹಾಗೆ ಹೇಳಿದ್ದು ನಿಜವೇ ಎಂದು ಈಚೆಗೆ ಅಕ್ಕನನ್ನು ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಹೇಳಿದ್ದೆನಂತೆ. ದನಿ ನಡುಗುತ್ತಿತ್ತಂತೆ.

ಅಧ್ಯಕ್ಷೆ ಕಾಗದವನ್ನು ಎರಡು ಸಲ ಓದಿದರು. ಆ ದಿನ ಸೀಗೆಪುಡಿಯಿಂದ ಕಣ್ಣು ಉರಿದದ್ದು ಸಂಜೆಯವರೆಗೂ ಹೋಗಲಿಲ್ಲ, ಅದಕ್ಕೆ ನಿನ್ನನ್ನು ನಾನು ಕ್ಷಮಿಸುವುದಿಲ್ಲ ಎಂದು ಅಕ್ಕನಿಗೆ ಹೇಳಿದರು. ಆಮೇಲೆ ಮ್ಯಾನೇಜರ್ ಕಡೆ ತಿರುಗಿ, ಕೀಲಿ ಆಕೆಯ ಹತ್ತಿರವೇ ಇರಲಿ ಎಂದರು.

ಮಾರ್ಚಿನಲ್ಲಿ ನಮ್ಮ ಲ್ಯಾಬಿನ ಗುತ್ತಿಗೆ ಮುಂದುವರಿಯಲಿಲ್ಲ. ಕಾರಣ ಯಾರೂ ಬರೆದು ತಿಳಿಸಲಿಲ್ಲ. ಕಾಲೊನಿಗೆ ಗೋಡೆಯಷ್ಟು ದೊಡ್ಡ ಪರದೆಯ ಹೊಸ ಮೀಟರ್ ಬಂದಿದೆಯಂತೆ. ಗಾಜಿನ ತೊಟ್ಟಿಯನ್ನು ಒಣಗಿಸಿ ಕ್ಲಬ್ಬಿನಲ್ಲಿ ಪ್ಲಾಸ್ಟಿಕ್ ಗಿಡ ಇಟ್ಟಿದ್ದಾರಂತೆ. ನಮ್ಮ ಲ್ಯಾಬಿನ ಯಜಮಾನರು ನನ್ನ ಜೊತೆ ಒಂದು ತಿಂಗಳು ನೆಟ್ಟಗೆ ಮಾತಾಡಲಿಲ್ಲ. ಇರಲಿ. ಇನ್ನೊಮ್ಮೆ ಆ ಕಾಗದ ಬಂದರೆ ಇನ್ನೊಮ್ಮೆ ಮಗುಚಿ ಬರೆಯುತ್ತೇನೆ.

ಕಳೆದ ತಿಂಗಳು ಒಂದು ಭಾನುವಾರ, ಬೇರೆ ಕೆಲಸಕ್ಕೆ ವಿಜಯವಾಡಕ್ಕೆ ಹೋದವನು ಇಬ್ರಾಹಿಂಪಟ್ನಂ ಬಸ್ಸು ಹತ್ತಿದೆ. ಕಾಲೊನಿಯ ಗೇಟಿನಲ್ಲಿ ಯಾರನ್ನು ನೋಡಬೇಕು ಎಂದು ಕೇಳಿದರು. ಅಕ್ಕ ಬಂದು, ಸಂದರ್ಶಕರ ಪುಸ್ತಕದಲ್ಲಿ ಸಂಬಂಧ ಎಂಬ ಕಲಮಿನಲ್ಲಿ ತಮ್ಮ ಎಂದು ತೆಲುಗಿನಲ್ಲಿ ಬರೆಸಿದರು. ಕಾವಲಿನವನು ನನ್ನನ್ನು ಗುರುತು ಹಿಡಿದು ನಕ್ಕ.

ಬುಟ್ಟಿ ಅಲ್ಲೇ ತೇಲುತ್ತಿತ್ತು. ಹಗ್ಗ ಹೊಸದು. ಒಂದು ಚಿಪ್ಪು ಬೇಸಿಗೆಯಲ್ಲಿ ಸತ್ತಿತೆಂದು ಹೊಳೆಯಿಂದ ಇನ್ನೊಂದು ತಂದು ಹಾಕಿದ್ದರು. ಅಕ್ಕ ಪ್ಲಾಸ್ಟಿಕ್ ಲೋಟದಲ್ಲಿ ಚಹಾ ಕೊಟ್ಟರು. ಆ ಚಹಾದ ನೀರು ಅದೇ ಚಾನೆಲಿನಿಂದ ಹೊರಟದ್ದು. ಕುಡಿಯುತ್ತಾ, ಇಷ್ಟು ದಿನ ಬಾಯಿಗೆ ಬಂದು ನಿಂತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. ಅಕ್ಕಾ, ಭೋಗಿ ಹಿಂದಿನ ದಿನ ಸಂಜಿ ಬಾಟಲಿ ತುಂಬಿದ್ರೇನು?

ಅಕ್ಕ ಮೇಲೆ ನೋಡದೆ ಹೇಳಿದರು: "ತುಂಬಿರಬೇಕು ತಮ್ಮಾ, ದಿನಾ ತುಂಬ್ತಿದ್ದೆ. ಅವತ್ತು ತುಂಬಿದ್ದು ನೆಪ್ಪಿಲ್ಲ."

ನನಗೆ ನಗು ಬಂತು. ಅವರಿಗೂ ಬಂತು.

ಗೋಡೆಯಾಚೆ ವಿದ್ಯುತ್ ಸ್ಥಾವರದ ಬೂದಿ ತುಂಬಿದ ಲಾರಿಯೊಂದು ಹೋಯಿತು. ನೆಲ ಅದುರಿತು. ನಾವಿಬ್ಬರೂ ಮಾತು ನಿಲ್ಲಿಸಿ ಬುಟ್ಟಿಯ ಮೇಲೆ ಬಗ್ಗಿದೆವು. ನಾಲ್ಕು ಚಿಪ್ಪು ಪಟ್ಟನೆ ಮುಚ್ಚಿದವು. ಅಕ್ಕನ ಕೈ ಸೊಂಟದ ಕೀಲಿಗೆ ಹೋಯಿತು, ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಒಂದು ತೆರೆಯಿತು, ಆಮೇಲೆ ಎರಡು. ಕೊನೆಯದು ಬಹಳ ಸತಾಯಿಸಿತು.

ನನ್ನ ಬಸ್ಸಿನ ಹೊತ್ತಾಗಿತ್ತು. ಹೋಗಿ ಬರ್ರಿ ಎಂದರು ಅಕ್ಕ, ಕಣ್ಣು ನೀರಿನಲ್ಲೇ ಇಟ್ಟು. ಆ ಕೊನೆಯ ಚಿಪ್ಪು ಬಾಯಿ ಬಿಡುವವರೆಗೆ ನಾನು ಏಳಲಿಲ್ಲ.